ಅಕ್ಕ ಮತ್ತೆ ಮಾತು ಕಲಿತ ವರ್ಷ

ಕಳೆದ ವಾರ ಶಿವಮೊಗ್ಗದಿಂದ ಹೊನ್ನಾಳಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ನ್ಯಾಮತಿಯಲ್ಲಿ ಒಬ್ಬ ಹೆಂಗಸು ತನ್ನಷ್ಟೇ ಎತ್ತರದ ಮಂಡಕ್ಕಿ ಚೀಲವನ್ನು ಹತ್ತಿಸಿ, ನನ್ನ ಸೀಟಿಗೆ ಒರಗಿಸಿ ನಿಂತಳು. ಕಂಡಕ್ಟರ್ ಚೀಲಕ್ಕೂ ಟಿಕೆಟ್ ಕೇಳಿದ.

"ಅದ್ರಾಗೆ ಏನೈತಪ್ಪ, ಬರೀ ಗಾಳಿ. ಗಾಳಿಗೂ ಟಿಕೇಟು ಹರೀತೀಯಾ?" ಎಂದಳು.

ಮುಂದಿನ ನಾಲ್ಕು ಸಾಲಿನವರು ನಕ್ಕರು. ಕಂಡಕ್ಟರನೂ ನಕ್ಕು ಹಿಂದಕ್ಕೆ ಹೋದ. ಚೀಲ ಆಗಷ್ಟೇ ಭಟ್ಟಿಯಿಂದ ಬಂದಿರಬೇಕು. ಕಾದ ಮರಳಿನ, ಸುಟ್ಟ ಹೊಟ್ಟಿನ ವಾಸನೆ ಹೊನ್ನಾಳಿ ಬರುವವರೆಗೂ ನನ್ನ ಜೊತೆಗಿತ್ತು. ಅದರ ಜೊತೆಗೇ ಮೂರು ವರ್ಷದ ಹಿಂದಿನ ಆರು ತಿಂಗಳು ನೆನಪಾದವು, ಆಷಾಢದಿಂದ ಸಂಕ್ರಾಂತಿಯವರೆಗೆ. ಆ ಆರು ತಿಂಗಳಲ್ಲಿ ನನ್ನ ಅಕ್ಕ ನೀಲಮ್ಮ ಎಪ್ಪತ್ತೊಂದನೇ ವಯಸ್ಸಿನಲ್ಲಿ ಮತ್ತೊಮ್ಮೆ ಮಾತು ಕಲಿತಳು. ಕಲಿಸಿದವನು ನಾನೆಂದು ಊರಿನವರು ಈಗಲೂ ಹೇಳುತ್ತಾರೆ. ಅದು ನಿಜವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ನಿವೃತ್ತ ದೈಹಿಕ ಶಿಕ್ಷಕ. ಜಗಳೂರು, ಚನ್ನಗಿರಿ, ಕೊನೆಗೆ ಹೊನ್ನಾಳಿ, ಈ ಮೂರೂ ಕಡೆಯ ಶಾಲಾ ಮೈದಾನಗಳಲ್ಲಿ ಸೀಟಿ ಊದಿದವನು. ಬೆಳಗ್ಗೆ ಐದಕ್ಕೆ ಏಳುವುದು, ಐದೂವರೆಗೆ ನಡಿಗೆ, ಆರೂಕಾಲಿಗೆ ಸ್ನಾನ. ಈ ಕ್ರಮ ನಿವೃತ್ತಿಯ ನಂತರವೂ ತಪ್ಪಿಲ್ಲ. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಜಗಳೂರಿಗೆ ಮದುವೆಯಾಗಿ ಹೋಗಿ ಅಲ್ಲಿಯೇ ಬಾಳಿದವಳು. ಭಾವ ತೀರಿಕೊಂಡ ಮೇಲೆ ಮಗಳು ಸುಮಾಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋದಳು. ಮೊಮ್ಮಗಳು ತಾರಾ ಹುಟ್ಟಿದಳು. ಸುಮಾ ಬ್ಯಾಂಕಿನ ಕೆಲಸಕ್ಕೆ ಮರಳಿದಳು, ಮಗು ಅಕ್ಕನ ಮಡಿಲಲ್ಲಿ ಉಳಿಯಿತು. ಬಾಣಂತನಕ್ಕೆ ಹೋದವಳು ಹದಿನಾಲ್ಕು ವರ್ಷ ಅಲ್ಲೇ ಇದ್ದಳು.

ಆ ಜೂನಿನಲ್ಲಿ ಅಕ್ಕನಿಗೆ ಲಕ್ವ ಹೊಡೆಯಿತು. ಸುದ್ದಿ ಬಂದ ದಿನವೇ ಹೊರಟೆ. ಬಲಗೈ ಸೋತಿತ್ತು, ಬಲಗಾಲು ಎಳೆಯುತ್ತಿತ್ತು, ಬಾಯಿ ಒಂದು ಕಡೆಗೆ ಸ್ವಲ್ಪ ವಾಲಿತ್ತು. ನನ್ನನ್ನು ಕಂಡು ಕಣ್ಣು ತುಂಬಿಕೊಂಡಳು, ಏನೋ ಹೇಳಲು ಹೋದಳು. "ಹೂಂ… ಹೂಂ…" ಎಂಬುದರ ಹೊರತು ಏನೂ ಬರಲಿಲ್ಲ.

ಡಾಕ್ಟರು ನೇರವಾಗಿ ಹೇಳಿದರು. ಕೈ ಮುಕ್ಕಾಲು ಪಾಲು ಸುಧಾರಿಸಬಹುದು, ಮಾತಿನ ವಿಷಯ ಹೇಳಲು ಬರುವುದಿಲ್ಲ. ಬರುವುದಿದ್ದರೆ ಹೆಚ್ಚಿನ ಪಾಲು ಮೊದಲ ಆರು ತಿಂಗಳಲ್ಲೇ ಬರುತ್ತದೆ.

ಸುಮಾಳ ಮನೆ ಹದಿನಾಲ್ಕನೇ ಮಹಡಿಯಲ್ಲಿ. ಅಲ್ಲಿ ಮೂರು ವಾರ ಇದ್ದೆ. ಯಾರೂ ಕೆಟ್ಟವರಲ್ಲ. ಅಳಿಯ ಮನೋಜ್ ನಾಗಪುರದ ಕಡೆಯವನು, ಅಕ್ಕನ ಪಾದಕ್ಕೆ ಎಣ್ಣೆ ಹಚ್ಚಿದವನು. ನೋಡಿಕೊಳ್ಳಲು ಬರುತ್ತಿದ್ದ ಒಡಿಶಾದ ಹುಡುಗಿ "ಮಾಜೀ, ಮಾಜೀ" ಎನ್ನುತ್ತ ಎಷ್ಟು ಹಗುರವಾಗಿ ತಲೆ ಬಾಚುತ್ತಿದ್ದಳೆಂದರೆ ಹೆತ್ತ ಮಗಳೂ ಹಾಗೆ ಬಾಚಲಾರಳು. ಕಾವಲುಗಾರ ಅಸ್ಸಾಮಿನವನು, ದಿನವೂ ಎದ್ದು ಸೆಲ್ಯೂಟ್ ಹೊಡೆಯುತ್ತಿದ್ದ. ತರಕಾರಿ ಫೋನಿನೊಳಗಿಂದ ಬರುತ್ತಿತ್ತು, ತಂದವನು ಬಾಗಿಲಲ್ಲಿಟ್ಟು ಗಂಟೆ ಒತ್ತಿ ಹೋಗುತ್ತಿದ್ದ. ಅಕ್ಕ ಮಂಚದ ಮೇಲೆ ಕೂತು ಇಷ್ಟೂ ಜನರ ಬಾಯನ್ನು ಒಂದೊಂದಾಗಿ ನೋಡುತ್ತಿದ್ದಳು.

ಹತ್ತು ದಿನ ಬೆಳಗ್ಗೆ ಲಿಫ್ಟಿನಲ್ಲಿ ನನ್ನ ವಯಸ್ಸಿನ ಒಬ್ಬರು ಸಿಗುತ್ತಿದ್ದರು. ಅವರು "ಗುಡ್ ಮಾರ್ನಿಂಗ್" ಎನ್ನುವರು, ನಾನೂ ಎನ್ನುವೆ. "ವೆರಿ ಕೋಲ್ಡ್ ಟುಡೇ" ಎನ್ನುವರು, "ಯೆಸ್ ಯೆಸ್" ಎನ್ನುವೆ. ಹನ್ನೊಂದನೇ ದಿನ ಅವರಿಗೆ ಫೋನು ಬಂತು. "ಹೂಂ ಕಣೋ, ಎಲ್ಲಾ ಆರಾಮೈತೆ, ಮಳೆ ಹೆಂಗೈತೆ ಅಲ್ಲಿ?" ಎಂದರು. ನಾನು ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಹಿಡಿದು ಕೇಳಿದೆ.

"ಸಾರ್, ಯಾವೂರಾತು ನಿಮ್ದು?"

"ಉಬ್ರಾಣಿ ರೀ, ಚನ್ನಗಿರಿ ತಾಲ್ಲೂಕು. ನಿಮ್ದು?"

"ಹೊನ್ನಾಳಿ."

ಅವರು ಹಣೆ ಚಚ್ಚಿಕೊಂಡರು. "ಅಯ್ಯೋ ನಿಮ್ಮ! ಹತ್ತು ದಿನದಿಂದ ಇಬ್ರೂ ಇಂಗ್ಲಿಷಾಗೆ ಸಾಯ್ತಾ ಇದ್ವಲ್ರೀ!"

ಇಬ್ಬರೂ ಕೆಳಗಿಳಿದು ಅರ್ಧ ಗಂಟೆ ನಿಂತು ಮಾತಾಡಿದೆವು. ಆ ದಿನ ನಾನು ನಡಿಗೆಯನ್ನು ತಪ್ಪಿಸಿದೆ.

ಮಾತು ಕಲಿಸಲು ವಾರಕ್ಕೆ ಮೂರು ಸಲ ಒಬ್ಬ ಹುಡುಗಿ ಬರುತ್ತಿದ್ದಳು. ತಾಳ್ಮೆಯವಳು, ಕನ್ನಡ ಬಾರದವಳು. ಬಣ್ಣದ ಚಿತ್ರದ ಕಾರ್ಡುಗಳನ್ನು ಹಿಡಿದು ಅಕ್ಕ ಜನ್ಮದಲ್ಲಿ ತಿನ್ನದ ಹಣ್ಣುಗಳ ಹೆಸರು ಕೇಳುತ್ತಿದ್ದಳು. ಒಂದು ದಿನ ಬಟ್ಟಲಿನ ತುಂಬ ರಾಜ್ಮಾ ಕಾಳು ತಂದು, ಸಣ್ಣ ಲೋಟದಲ್ಲಿ ತೆಗೆದು ತೆಗೆದು ಇನ್ನೊಂದು ಬಟ್ಟಲಿಗೆ ಸುರಿಯಲು ಹೇಳಿದಳು. ಎಡಗೈಯಲ್ಲಿ ಸುರಿಯುತ್ತ ಎಣಿಸಬೇಕು. ತಾನು ಒಂದು ಬೆರಳು ತೋರಿಸಿ "ಒನ್?" ಎಂದಳು. ಅಕ್ಕ ಮೊದಲ ಲೋಟ ಸುರಿದು "ಲಾ…" ಎಂದಳು. ಹುಡುಗಿ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಕನ್ನಡದಲ್ಲಿ ಅದು ಒಂದಲ್ಲ ಎಂದು ನಾನೇ ಹೇಳಿದೆ. ಅವಳು ಪುಸ್ತಕದಲ್ಲಿ ತಪ್ಪು ಎಂದು ಗುರುತು ಹಾಕಿಕೊಂಡಳು. ಅಕ್ಕ ಲೋಟವನ್ನು ದೂಡಿ ಗೋಡೆಯ ಕಡೆ ತಿರುಗಿ ಮಲಗಿದಳು.

ನನ್ನನ್ನು ಎಲ್ಲಕ್ಕಿಂತ ಚುಚ್ಚಿದ್ದು ತಾರಾಳ ಸ್ಥಿತಿ. ಹದಿನಾಲ್ಕು ವರ್ಷದಲ್ಲಿ ಅಜ್ಜಿ ಮೊಮ್ಮಗಳು ತಮ್ಮದೇ ಒಂದು ಭಾಷೆ ಮಾಡಿಕೊಂಡಿದ್ದರು. "ತಾರಾ ಬೇಟಾ, ಮಿಲ್ಕ್ ಫಿನಿಶ್ ಕರೋ", "ಸ್ಕೂಲ್‌ಮೇ ಕ್ಯಾ ಹುವಾ, ಟೆಲ್ ಮೀ", ಇಂಥದ್ದು. ಐವತ್ತೇಳು ದಾಟಿದ ಮೇಲೆ ಅಕ್ಕ ಆ ಮಗುವಿಗಾಗಿ ಒಂದೊಂದೇ ಪದವನ್ನು ಹೆಕ್ಕಿ ಕಲಿತಿದ್ದಳು. ಲಕ್ವ ಮೊದಲು ಒಯ್ದದ್ದು ಅದನ್ನೇ. ಕೊನೆಗೆ ಕಲಿತದ್ದು ಮೊದಲು ಹೋಗುವುದುಂಟು ಎಂದರು ಡಾಕ್ಟರು. ತಾರಾ ಶಾಲೆಯಿಂದ ಬಂದು ಅಜ್ಜಿಯ ಪಕ್ಕ ಕೂತು ಅದೇ ಮಾತುಗಳನ್ನು ಆಡುವಳು. ಅಕ್ಕ ಅವಳ ಕೆನ್ನೆ ಸವರುವಳು, ಆದರೆ ಮಾತು ಮಾತ್ರ ಅವಳಿಗೆ ತಿಳಿಯುತ್ತಿರಲಿಲ್ಲ. ಅದೇ ನಾನು ಕನ್ನಡದಲ್ಲಿ "ಅಕ್ಕ, ನೀರು ಬೇಕಾ?" ಎಂದರೆ ತಟ್ಟನೆ ತಲೆಯಾಡಿಸುತ್ತಿದ್ದಳು. ಕನ್ನಡ ಒಳಗಿತ್ತು. ತಾರಾಳಿಗೆ ಮಾತ್ರ ಅದು ಬರುತ್ತಿರಲಿಲ್ಲ.

ಏಕೆ ಬರುತ್ತಿರಲಿಲ್ಲ ಎಂಬುದನ್ನು ನಾನು ಬರೆಯಲೇಬೇಕು. ತಾರಾಳಿಗೆ ಎರಡು ವರ್ಷವಾಗಿದ್ದಾಗ ಸುಮಾ ನನ್ನನ್ನು ಕೇಳಿದ್ದಳು. "ಮಾವ, ಅವರಪ್ಪ ಹಿಂದಿ ಮಾತಾಡ್ತಾರೆ, ಅಮ್ಮ ಕನ್ನಡ, ಪ್ಲೇ ಸ್ಕೂಲಲ್ಲಿ ಇಂಗ್ಲಿಷ್. ಮಗು ಮಾತೇ ಆಡ್ತಿಲ್ಲ. ಏನ್ಮಾಡ್ಲಿ?" ನಾನು ಒಂದು ಕ್ಷಣವೂ ಯೋಚಿಸದೆ ತೀರ್ಪು ಕೊಟ್ಟೆ. ಮೊದಲು ಓಟ, ಆಮೇಲೆ ಹರ್ಡಲ್ಸ್. ಒಂದನ್ನು ಮುಗಿಸಿ ಇನ್ನೊಂದು. ಮೊದಲು ಇಂಗ್ಲಿಷ್ ಬರಲಿ, ಅಪ್ಪನ ಜೊತೆ ಹಿಂದಿ ಇರಲಿ, ಕನ್ನಡ ಎಲ್ಲಿಗೂ ಓಡಿಹೋಗುವುದಿಲ್ಲ. ಅಕ್ಕನಿಗೂ ಹೇಳಿದೆ, "ಮಗು ಮುಂದೆ ಕನ್ನಡ ಬೆರಸ್ಬೇಡ, ಗೊಂದಲ ಆಗ್ತೈತೆ." ಅಕ್ಕ ಓದಿದವಳಲ್ಲ. ಓದಿದ ತಮ್ಮನ ಮಾತೆಂದರೆ ಅವಳಿಗೆ ಸರ್ಕಾರಿ ಆದೇಶ. ಅಂದಿನಿಂದ ಲಾಲಿಯನ್ನೂ ಬಾಯಿ ಮುಚ್ಚಿ ಗುನುಗಿದಳಂತೆ. ಇದನ್ನು ಸುಮಾ ಅಕ್ಕನನ್ನು ತಪಾಸಣೆಗೆ ಕರೆದೊಯ್ದ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಹೇಳಿದಳು. ದೂರಲೆಂದು ಹೇಳಿದ್ದಲ್ಲ, ನೆನಪಾಗಿ ಹೇಳಿದ್ದು. ನಾನು ಎದ್ದು ನೀರು ಕುಡಿದು ಬಂದೆ.

ಆ ರಾತ್ರಿ ಊಟದ ಹೊತ್ತಿಗೆ ಸುಮಾಳಿಗೆ ಹೇಳಿದೆ, "ಅಕ್ಕನ್ನ ಆರು ತಿಂಗ್ಳು ಹೊನ್ನಾಳಿಗೆ ಕರ್ಕೊಂಡ್ ಹೋಗ್ತೀನಿ."

"ಅಲ್ಲಿ ಮಾತು ಕಲಿಸೋರು ಯಾರಿದಾರೆ ಮಾವ?"

"ಮಾತಾಡೋರು ಇದಾರೆ."

ಆಷಾಢದ ಜಿಟಿಜಿಟಿ ಮಳೆಯಲ್ಲಿ ಹೊನ್ನಾಳಿಗೆ ಬಂದೆವು. ತುಂಗಭದ್ರೆ ಆಗಲೇ ಕೆಂಪಾಗಿ ಅಗಲವಾಗಿ ಹರಿಯುತ್ತಿತ್ತು. ನಾನು ಮರುದಿನವೇ ಡ್ರಾಯಿಂಗ್ ಹಾಳೆ ತಂದು ವೇಳಾಪಟ್ಟಿ ಬರೆದು ಪಡಸಾಲೆಯ ಗೋಡೆಗೆ ಅಂಟಿಸಿದೆ. ಆರಕ್ಕೆ ಸೇತುವೆಯವರೆಗೆ ನಡಿಗೆ. ಏಳೂವರೆಗೆ ಕೈ ವ್ಯಾಯಾಮ. ಎಂಟರಿಂದ ಎಂಟೂಮುಕ್ಕಾಲು ಸ್ವರಾಭ್ಯಾಸ: ಅ, ಆ, ಇ, ಈ. ಒಂಬತ್ತಕ್ಕೆ ವಿಶ್ರಾಂತಿ. ಹತ್ತಕ್ಕೆ ವಸ್ತುಗಳ ಹೆಸರು. ಸಂಜೆ ನಾಲ್ಕಕ್ಕೆ ಎಣಿಕೆ.

ನನ್ನ ಹೆಂಡತಿ ಸರೋಜ ಸೊಂಟದ ಮೇಲೆ ಕೈಯಿಟ್ಟು ಅದನ್ನು ಪೂರ್ತಿ ಓದಿದಳು. "ಏನ್ರೀ ಇದು? ನಿಮ್ಮಕ್ಕನ್ನ ಜಿಲ್ಲಾ ಮಟ್ಟದ ಖೋಖೋಗೆ ಕಳಸಾಕೆ ಹೊಂಟೀರೇನು?"

"ಶಿಸ್ತಿಲ್ದೆ ಏನೂ ಬರಲ್ಲ ಸರೋಜ."

"ಸೀಟಿ ಒಂದು ಊದಬ್ಯಾಡ್ರಿ ಮತ್ತೆ, ಅಕ್ಕಪಕ್ಕದೋರು ನಗ್ತಾರೆ."

ಸೀಟಿ ಊದಲಿಲ್ಲ. ಆದರೆ ಒಂದು ತಿಂಗಳು ಒಂದು ನಿಮಿಷವೂ ತಪ್ಪದೆ ಪಟ್ಟಿಯಂತೆ ನಡೆದೆವು. ಕೈಗೆ ಬಲ ಬಂತು, ನಡಿಗೆ ಗಟ್ಟಿಯಾಯಿತು, ಬಾಯಿಯ ವಾಲು ಹೋಯಿತು. ಮಾತು ಬರಲಿಲ್ಲ. ಎಂಟು ಗಂಟೆಗೆ ನಾನು ಎದುರು ಕೂತು "ಅ ಅನ್ನಕ್ಕ, ಅ…" ಎಂದರೆ ಅಕ್ಕ ತುಟಿ ಬಿಗಿದುಕೊಂಡು ನನ್ನನ್ನು ನೋಡುತ್ತಿದ್ದಳು. ಚಿಕ್ಕವನಿದ್ದಾಗ ನನ್ನ ಮೂಗು ಒರೆಸಿದವಳು ಅವಳು. ಆ ನೋಟಕ್ಕೆ ನಾನು ಗಡಿಯಾರದ ಕಡೆ ತಿರುಗುತ್ತಿದ್ದೆ. ಆದರೂ ಎಂಟೂಮುಕ್ಕಾಲಿನವರೆಗೆ ಬಿಡುತ್ತಿರಲಿಲ್ಲ. ಶ್ರಾವಣ ಬಂತು. ಹೊಳೆ ಮೆಟ್ಟಿಲುಗಳನ್ನು ನುಂಗಿತು. ಆರರಲ್ಲಿ ಒಂದು ತಿಂಗಳು ಕಳೆದು ಇನ್ನೊಂದು ಅರ್ಧವಾಯಿತು. ದಿನಗಳನ್ನು ಎಣಿಸುವ ನನ್ನ ಚಟ ಮೊದಲ ಬಾರಿಗೆ ನನಗೇ ಭಾರವಾಯಿತು.

ನಮ್ಮ ಬೀದಿಗೆ ಮಂಗಳವಾರ ಮಂಗಳವಾರ ಖೈರುನ್ನಿಸಾ ಮಂಡಕ್ಕಿ ತರುತ್ತಾಳೆ. ಎಲ್ಲರಿಗೂ ಅವಳು ಖೈರಮ್ಮ. ಅವಳ ಅತ್ತೆಯ ಕಾಲದಿಂದಲೂ ನಮ್ಮ ಮನೆಗೆ ಅವರದೇ ಮಂಡಕ್ಕಿ. ಅಕ್ಕ ತವರಿಗೆ ಬಂದಾಗಲೆಲ್ಲ ಸೇರಿನ ಮೇಲೆ ಗೋಪುರ ಬರುವಂತೆ ತಲೆಗಟ್ಟಿ ತುಂಬಿಲ್ಲವೆಂದು ಅವಳೊಡನೆ ಜಗಳವಾಡುತ್ತಿದ್ದಳು. ಆ ಮಂಗಳವಾರ ಮಳೆ ಸ್ವಲ್ಪ ಹೊಳವಾಗಿತ್ತು. ಒಂಬತ್ತು ದಾಟಿತ್ತು, ಪಟ್ಟಿಯ ಪ್ರಕಾರ ವಿಶ್ರಾಂತಿ. ಅಕ್ಕ ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ನಾನು ಒಳಗೆ ಹತ್ತು ಗಂಟೆಯ ಪಾಠಕ್ಕೆ ಸಾಮಾನು ಜೋಡಿಸುತ್ತಿದ್ದೆ.

"ಏನ್ ನೀಲಕ್ಕ, ನಾಲ್ಗೆ ಬೆಂಗಳೂರಾಗೆ ಬಿಟ್ ಬಂದೀರಂತೆ?" ಖೈರಮ್ಮನ ದನಿ ಕೇಳಿಸಿತು. "ಒಳ್ಳೇದಾತು ಬಿಡ್ರಿ. ಈಗ ನಾನು ಎಷ್ಟ್ ಕಮ್ಮಿ ಅಳದ್ರೂ ಕೇಳೋರಿಲ್ಲ."

ಇಂಥ ಮಾತು ಆಡಬಹುದೇ ಎಂದು ಸಿಟ್ಟು ಬಂದು ಬಾಗಿಲಿಗೆ ಬಂದೆ. ಅಕ್ಕನ ಕಣ್ಣು ಮಿನುಗುತ್ತಿತ್ತು. ಹೊಸ್ತಿಲಲ್ಲೇ ನಿಂತೆ.

ಸರೋಜ ನಾಲ್ಕು ಸೇರು ಸಾಕೆಂದು ಚೀಲ ಹಿಡಿದಳು. ಖೈರಮ್ಮ ಮೊದಲ ಸೇರು ತುಂಬಿ ಎತ್ತುವಾಗ ಸರೋಜ ಅವಳ ಮಗಳ ಹೆರಿಗೆಯ ವಿಷಯ ಕೇಳಿದಳು. ಖೈರಮ್ಮ ಮಾತಾಡುತ್ತಲೇ, ಎಣಿಕೆ ಹೇಳದೆ, ಮಂಡಕ್ಕಿಯನ್ನು ಚೀಲಕ್ಕೆ ಸುರಿದಳು.

"ಲಾಭ."

ಕಟ್ಟೆಯ ಮೇಲಿಂದ ಬಂತು. ಸ್ಪಷ್ಟವಾಗಿ, ಸ್ವಲ್ಪ ಗದರಿಕೆಯ ದನಿಯಲ್ಲಿ.

ನಮ್ಮ ಕಡೆ ಸೇರಿನಲ್ಲಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಭತ್ತವಾಗಲಿ, ಜೋಳವಾಗಲಿ, ಮಂಡಕ್ಕಿಯಾಗಲಿ, ಮನೆಗೆ ಬರುವ ಕಾಳು ಲಾಭವೆಂದೇ ಒಳಗೆ ಬರಬೇಕು. ಅಲ್ಲಿಂದ ಮುಂದೆ ಎರಡು, ಮೂರು.

ಸರೋಜ ಥಟ್ಟನೆ ಕಟ್ಟೆಯ ಕಡೆ ತಿರುಗಿದಳು. ಖೈರಮ್ಮ ಮಾತ್ರ ತಿರುಗಿ ಕೂಡ ನೋಡಲಿಲ್ಲ. ಏನೂ ಆಗಿಲ್ಲವೆಂಬಂತೆ ಇನ್ನೊಂದು ಸೇರು ತುಂಬಿ ಸುರಿದು ಕಾದಳು.

"ಎಲ್ಡು."

ಮತ್ತೊಂದು.

"ಮೂರು."

ನಾಲ್ಕಾಯಿತು, ಐದಾಯಿತು. ಖೈರಮ್ಮ ನಿಲ್ಲಿಸಲಿಲ್ಲ. ಚೀಲ ತುಂಬಿ, ಸರೋಜ ಸೆರಗು ಒಡ್ಡಿದಳು. ಸೆರಗು ತುಂಬಿತು, ನಾನು ಒಳಗಿನಿಂದ ಕೊಳಗ ತಂದಿಟ್ಟೆ. ಹನ್ನೊಂದನೇ ಸೇರಿಗೆ ಖೈರಮ್ಮನ ಚೀಲ ಖಾಲಿಯಾಯಿತು. ಅಕ್ಕ ಹನ್ನೊಂದನ್ನೂ ಒಂದೂ ತಪ್ಪದೆ ಎಣಿಸಿದ್ದಳು.

"ನಾಲ್ಗೆ ಬಿಟ್ ಬಂದಿಲ್ಲ, ಸೊಂಟದಾಗೆ ಸಿಗ್ಸಿಕೊಂಡೇ ಬಂದಾರೆ ನಿಮ್ಮಕ್ಕ!" ಎಂದು ಖೈರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮುಖ ಒರೆಸಿದಳೋ ಕಣ್ಣು ಒರೆಸಿದಳೋ ನಾನು ನೋಡಲಿಲ್ಲ, ಏಕೆಂದರೆ ನನ್ನ ಕಣ್ಣೂ ಸರಿಯಿರಲಿಲ್ಲ. ಆಮೇಲೆ ಎರಡು ವಾರ ನಮ್ಮ ಮನೆಯಲ್ಲಿ ಬೆಳಗ್ಗೆ ಒಗ್ಗರಣೆ ಮಂಡಕ್ಕಿ, ಸಂಜೆ ಖಾರ ಮಂಡಕ್ಕಿ.

ಬೆಂಗಳೂರಿನ ಆ ರಾಜ್ಮಾ ಕಾಳು ನನಗೆ ನೆನಪಾದದ್ದು ಮಧ್ಯಾಹ್ನ ಉಂಡು ಕೂತಾಗ. ಅಕ್ಕ ಅಲ್ಲಿಯೂ ಸರಿಯಾಗಿಯೇ ಎಣಿಸಲು ಹೊರಟಿದ್ದಳು. ಕನ್ನಡ ಬಾರದ ಆ ಹುಡುಗಿಗೆ ತಿಳಿಯದಿದ್ದುದು ಸಹಜ. ಪಕ್ಕದಲ್ಲೇ ಕೂತಿದ್ದ ನಾನು, ಈ ಮನೆಯ ಇದೇ ಕಟ್ಟೆಯಲ್ಲಿ ಬೆಳೆದವನು, ಅದು ಒಂದಲ್ಲ ಎಂದು ತಲೆಯಾಡಿಸಿದ್ದೆ. ಆ ದಿನ ಹತ್ತು ಗಂಟೆಯ ಪಾಠವನ್ನೂ ನಾಲ್ಕರ ಪಾಠವನ್ನೂ ನಾನು ಮಾಡಲಿಲ್ಲ.

ಅಲ್ಲಿಂದ ಮಾತು ಸಾಲುಸಾಲಾಗಿ ಬಂತು. ಸಾಲಿನಲ್ಲಿ ಮಾತ್ರ ಬಂತು. ವಾರದ ಹೆಸರುಗಳು ಬಂದವು. ಆದರೆ ಇವತ್ತು ಯಾವ ವಾರವೆಂದು ಕೇಳಿದರೆ ಭಾನುವಾರದಿಂದ ಹೊರಟು ಸೋಮವಾರ, ಮಂಗಳವಾರ ಎನ್ನುತ್ತ ನಡೆದು ಬಂದು ಗುರುವಾರದಲ್ಲಿ ನಿಲ್ಲಬೇಕು. ಚೈತ್ರದಿಂದ ಫಾಲ್ಗುಣದವರೆಗೆ ಬಂತು. ಸರೋಜಳ ಹೆಸರು ಬೇಕಾದರೆ ತವರಿನ ಹೆಣ್ಣುಮಕ್ಕಳ ಹೆಸರುಗಳನ್ನೆಲ್ಲ ದಾಟಿ ಬರಬೇಕು. "ನಿಮ್ಮಕ್ಕ ನನ್ ಹೆಸ್ರಿಗೆ ಬರೋ ಹೊತ್ಗೆ ಸಾರು ಸೀದು ಹೋಗಿರ್ತೈತೆ" ಎಂದು ಸರೋಜ ನಗುವಳು. ಅಕ್ಕನೂ ನಗುವಳು. ಆದರೆ ತಾನಾಗಿ, ತನಗೆ ಬೇಕಾದ ಒಂದು ಮಾತನ್ನು, ಒಬ್ಬರನ್ನು ನೋಡಿ ಹೇಳುವುದು ಭಾದ್ರಪದ ಮುಗಿದರೂ ಬರಲಿಲ್ಲ.

ದಸರಾ ರಜೆಗೆ ತಾರಾ ಬಂದಳು. ಸುಮಾ ಬಿಟ್ಟು ಮರುದಿನ ಹೊರಟುಹೋದಳು. ಮೊದಲ ದಿನ ಅಜ್ಜಿ ಮೊಮ್ಮಗಳು ಕಟ್ಟೆಯ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಕೂತರು. ತಾರಾ ತಮ್ಮ ಹಳೆಯ ಭಾಷೆಯಲ್ಲಿ ಶಾಲೆಯ ಸುದ್ದಿ ಹೇಳಿದಳು. ಅಕ್ಕ ಕೇಳಿದಳು, ನಕ್ಕಳು, ಕೊನೆಗೆ ಹುಬ್ಬು ಗಂಟಿಕ್ಕಿಕೊಂಡಳು. ತನ್ನಲ್ಲಿದ್ದುದನ್ನು ಕೊಡಲೆಂದು "ಚೈತ್ರ, ವೈಶಾಖ, ಜ್ಯೇಷ್ಠ…" ಎಂದು ಶುರು ಮಾಡಿದಳು. ತಾರಾಳಿಗೆ ಒಂದೂ ತಿಳಿಯಲಿಲ್ಲ. ಅವಳು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು.

ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವಳು ಇಂಗ್ಲಿಷಿನಲ್ಲಿ, "ಅಜ್ಜಿ ಬೇರೆ ಯಾರೋ ಆಗಿಬಿಟ್ಟಿದ್ದಾರೆ" ಎಂದಳು. ಬೇರೆಯಾಗಿಲ್ಲ, ನಿನಗಾಗಿ ಮುಚ್ಚಿಟ್ಟ ಅಜ್ಜಿ ಈಗ ಕಾಣುತ್ತಿದ್ದಾಳೆ ಎಂದು ಹೇಳಬೇಕೆನಿಸಿತು. ಅಷ್ಟು ಇಂಗ್ಲಿಷ್ ನನಗೆ ಬರಲಿಲ್ಲ. "ಟುಮಾರೋ ಟೆನ್ ಓ ಕ್ಲಾಕ್. ಕ್ಲಾಸ್. ಯು ಆಲ್ಸೋ" ಎಂದೆ.

ಮರುದಿನ ಹತ್ತಕ್ಕೆ ಮೊರದ ತುಂಬ ಸಾಮಾನು ಇಟ್ಟು ಇಬ್ಬರನ್ನೂ ಕೂರಿಸಿದೆ. ಸೌಟು ಎತ್ತಿ ಅಕ್ಕನಿಗೆ ತೋರಿಸಿದೆ. ಅಕ್ಕ ಎಂದಿನಂತೆ ತುಟಿ ಬಿಗಿದಳು. ತಾರಾಳ ಕಡೆ ತಿರುಗಿಸಿದೆ.

"ಸ್ಪೂನ್?" ಎಂದಳು ತಾರಾ. "ಚಮಚಾ?"

"ಅಲ್ಲ!" ಅಕ್ಕ ನೆಲ ತಟ್ಟಿದಳು. "ಅಲ್ಲ… ಸೌ… ಸೌಟು!"

ಯಾವ ಸಾಲೂ ಇಲ್ಲದೆ, ನೇರವಾಗಿ ಬಂದ ಮೊದಲ ಪದ. ನಾನು ತಡಮಾಡದೆ ಬಾಳೆಹಣ್ಣು ಎತ್ತಿದೆ.

ತಾರಾಳಿಗೆ ಅದು ಗೊತ್ತಿತ್ತು. "ಬಾಲೆಹನ್ನು" ಎಂದಳು ಹೆಮ್ಮೆಯಿಂದ.

ಅಕ್ಕ ಬಿದ್ದು ಬಿದ್ದು ನಕ್ಕಳು. ಲಕ್ವ ಹೊಡೆದ ಮೇಲೆ ಅಷ್ಟು ದೊಡ್ಡದಾಗಿ ನಕ್ಕದ್ದು ಅದೇ ಮೊದಲು. ಆಮೇಲೆ ಮೊಮ್ಮಗಳ ಗದ್ದ ಹಿಡಿದು, ತನ್ನ ಬಾಯಿ ತೆರೆದು ನಾಲಿಗೆ ಮಡಿಸಿ ತೋರಿಸಿದಳು. "ಳೆ. ಬಾ…ಳೆ." ತಾರಾ ನಾಲಿಗೆ ಮಡಿಸಿದಳು. "ಬಾಡೆ." "ಅಲ್ಲ! ಬಾಳೆ!" ಹತ್ತು ಸಲವಾಯಿತು. ಹನ್ನೊಂದನೆಯ ಸಲ ಸರಿಯಾಯಿತು. ಅಕ್ಕ ಆ ಹಣ್ಣನ್ನೇ ಸುಲಿದು ಅವಳ ಬಾಯಿಗಿಟ್ಟಳು.

ಮೂರನೇ ದಿನ ನಾನು ಮೊರ ಜೋಡಿಸುವುದನ್ನು ಬಿಟ್ಟೆ. ಅವರಿಬ್ಬರೇ ಮನೆ ಸುತ್ತುತ್ತಿದ್ದರು. ತಾರಾ ಕೈ ತೋರಿಸುವಳು, ತಪ್ಪು ಹೇಳುವಳು, ಅಕ್ಕ ಗದರಿ ತಿದ್ದುವಳು. ತಿದ್ದುವ ಆತುರದಲ್ಲಿ ಪದಗಳು ಅವಳ ಬಾಯಿಗೆ ತಾವಾಗಿ ಬರುತ್ತಿದ್ದವು. ಯಾರೂ ತಪ್ಪು ಹೇಳದಿದ್ದರೆ ಬರುತ್ತಿರಲಿಲ್ಲ. ನನ್ನಂತೆ ಎಲ್ಲ ಸರಿಯಾಗಿ ಹೇಳುವವನು ಎದುರಿಗೆ ಕೂತದ್ದರಿಂದ ಅಕ್ಕನಿಗೆ ಮೂರು ತಿಂಗಳು ಕೆಲಸವೇ ಇರಲಿಲ್ಲ.

ಮಂಗಳವಾರ ಖೈರಮ್ಮ ಬಂದಳು. "ಏನ್ರೀ ಬೆಂಗಳೂರು ಮೇಡಂ, ಕನ್ನಡ ಬರ್ತೈತಾ?"

"ಸ್ವಲ್ಪ ಸ್ವಲ್ಪ ಬರ್ತೈತೆ" ಎಂದಳು ತಾರಾ.

"ನಮ್ಮನ್ಯಾಗೆ ಉರ್ದು ಐತೆ, ಬೀದ್ಯಾಗೆ ಕನ್ನಡ ಐತೆ. ಎರಡೂ ಜಗಳ ಆಡಿಲ್ಲ ಇವತ್ತಿನ್ ತನ್ಕ" ಎಂದಳು ಖೈರಮ್ಮ, ಸೇರಿಗೆ ಕೈ ಹಾಕುತ್ತ. ನನ್ನನ್ನು ಉದ್ದೇಶಿಸಿ ಹೇಳಿದ್ದಲ್ಲ. ಆದರೂ ನಾನು ಓದುತ್ತಿದ್ದ ಪೇಪರನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದೆ.

ರಜೆ ಮುಗಿದು ತಾರಾ ಹೋದಳು. ಅಕ್ಕ ನಾಲ್ಕು ದಿನ ಮಂಕಾದಳು. ಐದನೆಯ ದಿನ ತಾನೇ ಎದ್ದು ಬೀದಿಗೆ ಹೋದಳು. ಆಮೇಲೆ ಬಂದದ್ದು ಕಾರ್ತಿಕದ ಬಿಸಿಲು, ಭತ್ತದ ಕೊಯ್ಲು. ನಮ್ಮ ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು. ಅದನ್ನು ಕಾಲಿನಿಂದ ತಿರುವುತ್ತಿದ್ದ ಹೆಂಗಸರ ಜೊತೆ ಅಕ್ಕನೂ ಸೇರಿಕೊಂಡಳು. ಅಲ್ಲಿ ಎರಡು ಪದ, ಮೂರು ಪದದ ಮಾತುಗಳು ಹುಟ್ಟಿದವು. "ಕೋಳಿ ಬಂತು." "ಮೋಡ ಐತೆ, ಎತ್ರಿ." ನಾನು ಕಿಟಕಿಯಿಂದ ಕೇಳುತ್ತಿದ್ದೆ. ಗೋಡೆಯ ವೇಳಾಪಟ್ಟಿಯನ್ನು ಸರೋಜ ಯಾವಾಗ ಕಿತ್ತಳೋ ನನಗೆ ಗೊತ್ತಾಗಲೇ ಇಲ್ಲ.

ಅಕ್ಕ ಇಲ್ಲಿಯೇ ಇರಬೇಕೆಂದು ನಾನು ನಿರ್ಧರಿಸಿದೆ. ಸರೋಜಳೂ ಒಪ್ಪಿದಳು. ಅಲ್ಲಿಗೆ ಹೋದರೆ ಮತ್ತೆ ಅದೇ ಹದಿನಾಲ್ಕನೇ ಮಹಡಿ, ಹಗಲೆಲ್ಲ ಕನ್ನಡದ ಒಂದು ದನಿಯಿಲ್ಲ, ಇಷ್ಟು ಕಷ್ಟಪಟ್ಟು ಬಂದ ಮಾತು ಮತ್ತೆ ಹಿಂಗಿಹೋಗುತ್ತದೆ. ಇದು ನನ್ನ ಲೆಕ್ಕಾಚಾರ. ಸುಮಾಳಿಗೆ ಫೋನಿನಲ್ಲಿ ಹೇಳಿದೆ. ಅವಳು "ಅಮ್ಮನ್ನೇ ಕೇಳೋಣ ಮಾವ" ಎಂದಳು.

ಸಂಕ್ರಾಂತಿಗೆ ಬೆಂಗಳೂರಿನಿಂದ ಮೂವರೂ ಬಂದರು. ಎಳ್ಳುಬೆಲ್ಲ ಹಂಚಿ, ಉಂಡು, ಎಲ್ಲರೂ ಪಡಸಾಲೆಯಲ್ಲಿ ಕೂತಾಗ ನಾನು ಗಂಟಲು ಸರಿಮಾಡಿಕೊಂಡು ವಿಷಯ ತೆಗೆದೆ.

"ಅಕ್ಕ, ನೀನು ಇಲ್ಲೇ ಇದ್ಬಿಡು. ಏನಂತೀಯಾ?"

ಅಕ್ಕ ನನ್ನನ್ನು ನೋಡಿದಳು. ಪದಗಳನ್ನು ಹುಡುಕುವಾಗ ಅವಳ ಎಡಗೈ ಗಾಳಿಯಲ್ಲಿ ನೂಲು ಎಳೆದಂತೆ ಆಡುತ್ತಿತ್ತು. ಯಾರೂ ಸಹಾಯ ಮಾಡಲಿಲ್ಲ.

"ನಾನು… ಹೋಗ್ತೀನಿ."

"ಅಲ್ಲಿ ಯಾರಿದಾರಕ್ಕ ನಿನ್ ಜೊತೆ ಮಾತಾಡಾಕೆ?"

ಅಕ್ಕ ತಾರಾಳ ಜಡೆ ಹಿಡಿದು ಎಳೆದಳು. "ಇದಕ್ಕೆ… ಇನ್ನೂ ಬರಲ್ಲ. ನಾ… ಕಲಸ್ಬೇಕು."

"ಬರ್ತೈತೆ ಅಜ್ಜಿ!" ಎಂದಳು ತಾರಾ.

"ಬರಲ್ಲ. ಸುಮ್ನಿರು."

ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ. ನಾನು ಎದ್ದು ಹಿತ್ತಲಿಗೆ ಹೋದೆ. ಅಕ್ಕ ಹಿಂದೆಯೇ ಬಂದಳು, ಸ್ವಲ್ಪ ಎಳೆಯುವ ಬಲಗಾಲಿನಲ್ಲಿ, ಗೋಡೆ ಹಿಡಿದುಕೊಂಡು. ಹನ್ನೆರಡು ವರ್ಷ ಹೇಳದಿದ್ದುದನ್ನು ಅಲ್ಲಿ ಹೇಳಿದೆ.

"ಅಕ್ಕ, ಆ ಮಗೀಗೆ ಕನ್ನಡ ಬ್ಯಾಡ ಅಂದಿದ್ದು ನಾನು. ನಿನ್ ಬಾಯಿ ಕಟ್ಟಿದ್ದು ನಾನೇ. ತಪ್ಪಾತು."

ಅಕ್ಕ ಬಹಳ ಹೊತ್ತು ಹುಡುಕಿದಳು. ಸಿಕ್ಕಿತು.

"ನೀ ಹೇಳ್ದೆ. ನಾ ಕೇಳ್ದೆ." ಎಡಗೈಯಿಂದ ನನ್ನ ತಲೆಗೊಂದು ಮೊಟಕಿದಳು. "ಇಬ್ರೂ… ದಡ್ಡರು."

ಮರುದಿನ ಬೆಳಗ್ಗೆ ಅವರ ಕಾರು ಹೊರಟಿತು. ಅಕ್ಕ ಕಿಟಕಿಯಿಂದ ಕೈ ಹೊರಗೆ ಹಾಕಿ ಸರೋಜಳ ಹೆಸರನ್ನು ನೇರವಾಗಿ, ಬೇರೆ ಯಾವ ಹೆಸರನ್ನೂ ದಾಟದೆ, ಕರೆದು ಹೇಳಿದಳು, "ಹೋಗ್ಬರ್ತೀನಿ." ಸರೋಜ ಒಳಗೆ ಬಂದು ಸಾರಿಗೆ ಉಪ್ಪನ್ನು ಎರಡು ಸಲ ಹಾಕಿದಳು.

ಅಕ್ಕನ ಮಾತು ಅಲ್ಲಿ ಹಿಂಗಿಹೋಗುತ್ತದೆಂಬ ಭಯ ನನಗೆ ಹೋಗಲಿಲ್ಲ. ಒಂದು ತಿಂಗಳು ತಡೆದುಕೊಂಡ ಮೇಲೆ ಶಿವರಾತ್ರಿಯ ಸಂಜೆ ಫೋನು ಮಾಡಿದೆ. ನನ್ನ ಫೋನಿನ ಮಾತು ಯಾವಾಗಲೂ ಮೂರು ನಿಮಿಷ. ಯೋಗಕ್ಷೇಮ, ವಿಷಯ, ಮುಕ್ತಾಯ. ತಾರಾ ಎತ್ತಿದಳು.

"ಅಜ್ಜ, ಒಂದ್ ನಿಮಿಷ ಇರ್ರಿ, ಅಜ್ಜಿ ಜೊತೆ ಜಗಳ ನಡೀತೈತೆ" ಎಂದು ಫೋನನ್ನು ಎಲ್ಲೋ ಇಟ್ಟಳು.

"ಉಪವಾಸ ಅಂದ್ರೆ ನೀರೂ ಕುಡಿಯಲ್ಲ ಅಂತೀಯಲ್ಲ, ಮಾತ್ರೆ ಹೆಂಗೆ ನುಂಗ್ತಿ ಅಜ್ಜಿ?"

"ನಾಳೆ… ನುಂಗ್ತೀನಿ."

"ನಾಳೆ ಅಲ್ಲ, ಈಗ!"

"ನಿಂಗೆ… ಏನ್ ಗೊತ್ತು? ಸಣ್ಣೋಳು."

"ನಂಗೆಲ್ಲಾ ಗೊತ್ತೈತೆ. ಬಾಯಿ ತೆಗಿ."

"ತೆಗಿಯಲ್ಲ."

ದೂರದಲ್ಲಿ ಎಲ್ಲೋ ಮನೋಜನ ದನಿ, ತಡವರಿಸುವ ಕನ್ನಡದಲ್ಲಿ, "ಅತ್ತೆ, ಪ್ಲೀಸ್, ಸ್ವಲ್ಪ ನೀರು" ಎಂದಿತು. ಅವನಿಗೂ ಇಬ್ಬರೂ ಸೇರಿ ಬೈದರು. ಆಮೇಲೆ ಅಕ್ಕ ಒಂದು ಕಥೆ ಶುರು ಮಾಡಿದಳು. ಜಗಳೂರಿನಲ್ಲಿ ತನ್ನ ಅತ್ತೆ ಶಿವರಾತ್ರಿಯ ದಿನ ಕದ್ದು ಕಡಲೆ ತಿಂದ ಕಥೆ. ಅರ್ಧಕ್ಕೆ ಪದ ಸಿಗದೆ ನಿಂತಳು. ತಾರಾ ಒಂದು ಪದ ಕೊಟ್ಟಳು, ಅದು ಅಲ್ಲ. ಇನ್ನೊಂದು ಕೊಟ್ಟಳು, ಅದೂ ಅಲ್ಲ. ಮೂರನೆಯದು ಸರಿಯಿತ್ತು. ಕಥೆ ಮುಂದೆ ಹೋಯಿತು. ಗುಟುಕರಿಸಿದ ಸದ್ದೂ ಕೇಳಿಸಿತು, ಮಾತ್ರೆ ಇಳಿಯಿತೆಂದು ತೋರುತ್ತದೆ.

ನಾನು ಫೋನಿನಲ್ಲಿ ಕಾಯುತ್ತಿದ್ದೇನೆಂಬುದನ್ನು ಇಬ್ಬರೂ ಮರೆತಿದ್ದರು. ಸರೋಜ ಬಂದು ಯಾರೆಂದು ಕಣ್ಣಲ್ಲೇ ಕೇಳಿದಳು. ನಾನು ಬಾಯಿಗೆ ಬೆರಳಿಟ್ಟು, ಪಕ್ಕದ ಕುರ್ಚಿ ತೋರಿಸಿ, ಫೋನನ್ನು ಅವಳಿಗೂ ಕೇಳುವಂತೆ ನಡುವೆ ಹಿಡಿದೆ. ಕಥೆಯೊಳಗಿನ ಅತ್ತೆ ಇನ್ನೂ ಸಿಕ್ಕಿಬಿದ್ದಿರಲಿಲ್ಲ.